ಮೀನಿನ ತೊಟ್ಟಿಗೆ ಸಂಪು ಕಟ್ಟಿದ್ದು

ಮನೆಯ ಮುಂದಿನ ರೂಮಿನಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕು ಇದ್ದಷ್ಟು ಕಾಲ ನನಗೆ ಹೊತ್ತು ಕಳೆಯುವುದು ಕಷ್ಟವಾಗಿರಲಿಲ್ಲ. ಕುಮಾರಸ್ವಾಮಿ ಲೇಔಟಿನಲ್ಲಿ ನಮ್ಮ ಮನೆ. ಕೆಳಗೆ ರಸ್ತೆಯ ಕಡೆಗೆ ಬಾಡಿಗೆಯ ರೂಮು, ಅದರ ಹಿಂದೆ ನಾನಿರುವ ಒಂದು ಹಾಲು, ಅಡಿಗೆಮನೆ, ಬಚ್ಚಲು. ಮಗ ಸೊಸೆ ಮೇಲಿನ ಮಹಡಿಯಲ್ಲಿ. ಒಲೆ ಬೇರೆ, ಕರೆಂಟಿನ ಮೀಟರ್ ಬೇರೆ. ಜಗಳವಾಡಿ ಬೇರೆಯಾದದ್ದಲ್ಲ. ಯಜಮಾನರು ಹೋದ ಮೇಲೆ ನನ್ನ ಮಂಡಿ ಮೆಟ್ಟಿಲು ಹತ್ತುವುದನ್ನು ಬಿಟ್ಟಿತು, ನಾನು ಕೆಳಗೇ ಅಡಿಗೆ ಇಟ್ಟುಕೊಂಡೆ. ಮಂಡಿ ಸ್ವಲ್ಪ ವಾಸಿಯಾದರೂ ಒಲೆ ಮತ್ತೆ ಒಂದಾಗಲಿಲ್ಲ.

ಕ್ಲಿನಿಕ್ಕಿನ ಹೊರಗೆ ಒಂದು ಬೆಂಚು ಇತ್ತು. ಕೆನ್ನೆ ಊದಿಸಿಕೊಂಡು ಬಂದವರು ಅಲ್ಲಿ ಕಾಯುತ್ತಿದ್ದರು. ನಾನೂ ಹೋಗಿ ಕೂರುತ್ತಿದ್ದೆ. ಹಲ್ಲು ನೋವಿನವರು ಮಾತಾಡುವುದಿಲ್ಲ, ಆದರೆ ಕೇಳಿಸಿಕೊಳ್ಳುತ್ತಾರೆ. ಈ ಲೇಔಟು ಆಗುವ ಮುಂಚೆ ಇಲ್ಲಿ ರಾಗಿ ಹೊಲ ಇದ್ದದ್ದು, ಮೈಲಿ ದೂರದ ಕೆರೆಗೆ ಹೋಗಿ ನೀರು ಹೊತ್ತದ್ದು, ಎಲ್ಲ ಹೇಳುತ್ತಿದ್ದೆ. ಎದುರಿಗೆ ಗಾಜಿನ ತೊಟ್ಟಿ, ಅದರೊಳಗೆ ಒಂದೇ ಮೀನು. ಕಪ್ಪು ಮೈ, ಅಲ್ಲಲ್ಲಿ ಕೆಂಡದ ಬಣ್ಣದ ಮಚ್ಚೆ, ನನ್ನ ಅಂಗೈಗಿಂತ ದೊಡ್ಡದು. ಆಸ್ಕರ್ ಅನ್ನುತ್ತಾರಂತೆ ಆ ಜಾತಿಗೆ.

ಡಾಕ್ಟರು ಜಯನಗರದಲ್ಲಿ ದೊಡ್ಡ ಜಾಗ ಹಿಡಿದರು. ಕುರ್ಚಿ, ಮೆಶೀನು, ಬೆಂಚು ಎಲ್ಲ ಲಾರಿ ಹತ್ತಿತು. ತೊಟ್ಟಿ ಮಾತ್ರ ಉಳಿಯಿತು.

‘ಅಮ್ಮ, ಹೊಸ ಜಾಗದಲ್ಲಿ ಇದಕ್ಕೆ ಎಡೆ ಇಲ್ಲ. ಪದ್ಮನಾಭನಗರದಲ್ಲಿ ಮೀನಿನ ಅಂಗಡಿಯವರಿದ್ದಾರೆ, ಫೋನ್ ಮಾಡಿದ್ರೆ ಬಂದು ತಗೊಂಡು ಹೋಗ್ತಾರೆ,’ ಎಂದು ಹೇಳಿ ಡಾಕ್ಟರು ಹೋದರು.

ನಾನು ಫೋನು ಮಾಡಲಿಲ್ಲ. ತೊಟ್ಟಿಯನ್ನು ಅದರ ಕಬ್ಬಿಣದ ಸ್ಟ್ಯಾಂಡಿನ ಸಮೇತ ನನ್ನ ಹಾಲಿಗೆ ಎತ್ತಿಸಿಕೊಂಡೆ. ಮೀನಿನ ಮೇಲೆ ಮೋಹ ಬಂತೆಂದು ಯಾರೂ ತಿಳಿಯಬೇಕಾಗಿಲ್ಲ. ಕೆರೆ ಮೀನನ್ನು ಬೂದಿ ಹಾಕಿ ಉಜ್ಜಿ, ಹುಣಸೆಹಣ್ಣು ಹಿಂಡಿ ಸಾರು ಮಾಡಿದ ಕೈ ಇದು. ಆದರೆ ಬೆಳಿಗ್ಗೆ ನಾನು ಅಡಿಗೆಮನೆಯಿಂದ ಹಾಲಿಗೆ ಬಂದರೆ ಅದು ಗಾಜಿನ ಹತ್ತಿರ ಬಂದು ನನ್ನ ಕಡೆ ಮುಖ ಮಾಡುತ್ತಿತ್ತು. ಅದರ ಪ್ರೀತಿ ಕಾಳಿನ ಡಬ್ಬದ ಮೇಲೆ, ನನ್ನ ಮೇಲಲ್ಲ. ಇರಲಿ. ಆ ಮನೆಯಲ್ಲಿ ನಾನು ಬಂದೆನೆಂದು ತಿರುಗಿ ನೋಡುವ ಬೇರೆ ಜೀವ ಇರಲಿಲ್ಲ.

ತೊಂದರೆ ಇದ್ದದ್ದು ಅದರ ಹೊಲಸಿನಲ್ಲಿ. ಎಮ್ಮೆಯ ಹಾಗೆ ತಿಂದು ಎಮ್ಮೆಯ ಹಾಗೆ ಹಾಕುತ್ತಿತ್ತು. ವಾರಕ್ಕೆ ಎರಡು ಸಲವಾದರೂ ಅರ್ಧ ನೀರು ತೆಗೆದು ಹೊಸದು ಹಾಕದಿದ್ದರೆ ಹಾಲೆಲ್ಲ ನಾತ. ನನ್ನ ಭುಜಕ್ಕೆ ಬಕೆಟ್ ಎತ್ತಲು ಆಗದು. ಹಾಗಾಗಿ ಮಗ ಬುಧವಾರ ಮತ್ತು ಭಾನುವಾರ ಬೆಳಿಗ್ಗೆ ಕೆಳಗಿಳಿದು ಬರುತ್ತಿದ್ದ. ಟ್ಯೂಬಿನಿಂದ ನೀರಿಳಿಸಿ, ಬಕೆಟ್ ಹೊತ್ತು ಬಚ್ಚಲಿಗೆ ಸುರಿದು, ಹೊಸ ನೀರು ಹೊತ್ತು ತಂದು ಹಾಕಿ, ಉಸ್ಸೆಂದು ಕೂತು ಕಾಫಿ ಕುಡಿದು ಹೋಗುತ್ತಿದ್ದ.

‘ಇದನ್ನ ಸಾರು ಮಾಡಿದ್ರೆ ಇಷ್ಟೊತ್ತಿಗೆ ಅರಗಿ ಹೋಗಿರೋದು,’ ಅನ್ನುತ್ತಿದ್ದ ಪ್ರತಿ ಸಲ.

‘ನಿನ್ನನ್ನೂ ಒಂದು ವರ್ಷ ತೊಳೆದಿದ್ದೀನಿ ಕಣೋ, ಸಾರು ಮಾಡಿದ್ನಾ?’ ಎಂದು ನಾನೂ ಪ್ರತಿ ಸಲ ಹೇಳುತ್ತಿದ್ದೆ.

ಒಂದು ಬುಧವಾರ ಬಕೆಟ್ ಎತ್ತುವಾಗ ಅವನ ಸೊಂಟ ಹಿಡಿದುಕೊಂಡಿತು. ಬಗ್ಗಿದವನು ಬಗ್ಗಿದಂತೆಯೇ ಮೆಟ್ಟಿಲು ಹತ್ತಿದ. ಸಂಜೆ ಸೊಸೆ ಬಂದಳು. ಅವಳು ಕೂಗಾಡುವವಳಲ್ಲ, ಲೆಕ್ಕವಾಗಿ ಮಾತಾಡುವವಳು.

‘ಅತ್ತೆ, ಅವ್ರಿಗೆ ಇನ್ನು ಆಗಲ್ಲ. ಕೆಲಸದವಳನ್ನ ಕೇಳ್ದೆ, ಮೀನಿನ ನೀರು ನಾನು ಮುಟ್ಟಲ್ಲ ಅಂದ್ಲು. ಅಂಗಡಿಯವರಿಗೆ ಕೊಟ್ಬಿಡೋಣ. ಅಲ್ಲಿ ಚೆನ್ನಾಗಿ ನೋಡ್ಕೋತಾರೆ.’

‘ಯಾರೂ ಬಕೆಟ್ ಹೊರದೇ ಇದ್ರೆ ಇರಬೋದಾ?’

‘ಬಕೆಟ್ ಹೊರದೇ ಹೆಂಗೆ ಅತ್ತೆ?’

‘ಅದು ನಂಗೆ ಬಿಡು.’

‘ಹಂಗಾದ್ರೆ ಇರ್ಲಿ. ನಂಗೇನು,’ ಅಂದಳು. ಮಾತು ಅಷ್ಟಕ್ಕೆ ನಿಂತಿತು. ಬಕೆಟ್ ಇಲ್ಲದೆ ನಡೆದರೆ ಮೀನು ನನ್ನದು, ಇಲ್ಲದಿದ್ದರೆ ಅಂಗಡಿಗೆ.

ಮಾರನೆಯ ದಿನ ಬಸ್ಸು ಹತ್ತಿ ಪದ್ಮನಾಭನಗರದ ಆ ಅಂಗಡಿಗೆ ಹೋದೆ. ಅಂಗಡಿಯವನು ಐವತ್ತರ ಆಸುಪಾಸಿನವನು, ತೋಳಿನವರೆಗೂ ಒದ್ದೆ. ನನ್ನ ಕಥೆ ಕೇಳಿ, ‘ಸಂಪ್ ಹಾಕ್ಕೊಳಿ ಅಮ್ಮ,’ ಅಂದ.

‘ಸಂಪು ಮನೆ ಮುಂದೆ ಇದೆಯಲ್ಲಪ್ಪ, ಕಾವೇರಿ ನೀರಿಂದು.’

‘ಅದಲ್ಲ, ಮೀನಿಗೆ. ಆದ್ರೆ ವಿಷಯ ಅದೇ. ಮೇಲೆ ಟ್ಯಾಂಕು, ಕೆಳಗೆ ಸಂಪು. ಮೇಲಿನ ಟ್ಯಾಂಕಿನ ಹಿಂದೆ, ಬಾಯಿ ಹತ್ರ ಒಂದು ತೂತು. ನೀರು ಅಲ್ಲಿಗೆ ಬಂದ್ರೆ ಓವರ್‌ಫ್ಲೋ ಆಗಿ ಪೈಪಲ್ಲಿ ಕೆಳಗಿಳಿಯತ್ತೆ. ಕೆಳಗೆ ಸ್ಪಂಜು, ನೀರು ಸೋಸೋ ಪಿಂಗಾಣಿ ಉಂಗುರ, ಎಲ್ಲ ದಾಟಿ ಚೊಕ್ಕ ಆಗತ್ತೆ. ಸಣ್ಣ ಮೋಟರು ಅದನ್ನ ವಾಪಸ್ ಮೇಲೆ ಕಳಿಸತ್ತೆ. ಸಂಪಿನ ತಳಕ್ಕೊಂದು ನಲ್ಲಿ ಇಟ್ರೆ ಹಳೆ ನೀರು ನೇರ ಬಚ್ಚಲಿಗೆ. ಯಾರನ್ನಾದ್ರೂ ಕರೆಸಿ ಮಾಡಿಸ್ಕೊಳಿ.’

ಯಾರನ್ನೂ ಕರೆಸಬೇಕು ಅನ್ನಿಸಲಿಲ್ಲ. ಈ ಮನೆ ಕಟ್ಟುವಾಗ ಯಜಮಾನರು ಕೆಲಸಕ್ಕೆ ಹೋದರೆ ಮರಳಿನ ರಾಶಿಯ ಮೇಲೆ ಕೂತು ಕಾವಲಿದ್ದವಳು ನಾನು. ಪ್ಲಂಬರು ಪೈಪು ತಿರುಗುವಲ್ಲಿ ಎಲ್ಬೋ ಹೇಗೆ ಹಾಕುತ್ತಾನೆ, ಕವಲೊಡೆಯುವಲ್ಲಿ ಟೀ ಹೇಗೆ ಹಾಕುತ್ತಾನೆ ಎಂದು ದಿನವಿಡೀ ನೋಡಿದ್ದೆ. ನೋಡಿದ್ದು ಬೇರೆ, ಮಾಡುವುದು ಬೇರೆ ಎಂದು ಆಗ ತಿಳಿದಿರಲಿಲ್ಲ. ಫೋನಿನಲ್ಲಿ ವಿಡಿಯೋಗಳನ್ನೂ ನೋಡಿದೆ. ಎಲ್ಲ ಇಂಗ್ಲಿಷು. ನಾನು ಓದಿದ್ದು ನಾಲ್ಕನೇ ಕ್ಲಾಸು. ಧ್ವನಿ ನಿಲ್ಲಿಸಿ ಬರೀ ಕೈಗಳನ್ನು ನೋಡಿದೆ.

ಮೊದಲ ಕಷ್ಟ ಗಾಜಿಗೆ ತೂತು. ರಸ್ತೆಯ ತುದಿಯ ಗಾಜಿನಂಗಡಿಯವನು ಮೆಶೀನು ತಂದ. ಮೀನನ್ನು ಡ್ರಮ್ಮಿಗೆ ಬಿಟ್ಟು ತೊಟ್ಟಿ ಖಾಲಿ ಮಾಡಿಸಿದ್ದೆ. ಅವನು ಗಾಜನ್ನು ತಟ್ಟಿ ತಟ್ಟಿ ನೋಡಿದ.

‘ಆಂಟಿ, ಇದು ಬೇಯಿಸಿ ಗಟ್ಟಿ ಮಾಡಿದ ಗಾಜಾಗಿದ್ರೆ ಚೂರು ಚೂರಾಗತ್ತೆ. ಆಮೇಲೆ ನನ್ನ ಕೇಳ್ಬೇಡಿ.’

‘ಒಡೆದ್ರೆ ನಿನ್ನ ಯಾಕೆ ಕೇಳ್ಲಿ, ಗುಡಿಸ್ತೀನಿ. ಹಾಕು.’

ಅವನು ಮೆಶೀನು ಹಿಡಿದ. ಗಾಜು ಕಾಯದಂತೆ ನಾನು ಚೊಂಬಿನಿಂದ ಸಣ್ಣಗೆ ನೀರು ಬಿಡುತ್ತಾ ಕೂತೆ. ಬೀಸುವ ಕಲ್ಲಿಗೆ ರಾಗಿ ಬಿಡುವ ಹಾಗೆ, ಜಾಸ್ತಿಯೂ ಇಲ್ಲ, ನಿಲ್ಲಿಸುವ ಹಾಗೂ ಇಲ್ಲ. ಬಿಳಿ ಹಿಟ್ಟು ಇಳಿಯಿತು, ಬಳೆಯಷ್ಟು ಗಾಜು ಹೊರಬಂತು, ತೊಟ್ಟಿ ಒಡೆಯಲಿಲ್ಲ. ಅವನು ಹಣೆ ಒರೆಸಿಕೊಂಡ.

ಆಮೇಲಿನದೆಲ್ಲ ನನ್ನದೇ. ತೂತಿಗೆ ಪೈಪು ಸಿಕ್ಕಿಸುವ ಟ್ಯಾಂಕ್ ನಿಪ್ಪಲ್ ಕೂರಿಸಿದೆ. ಮನೆಯ ಮೇಲಿನ ಟ್ಯಾಂಕಿಗೆ ಹಾಕುವಂಥದ್ದೇ, ಚಿಕ್ಕದು. ರಬ್ಬರ್ ವಾಷರನ್ನು ಯಾವ ಕಡೆ ಹಾಕಬೇಕೆಂದು ಗೊತ್ತಿಲ್ಲದೆ ಹೊರಗೆ ಹಾಕಿ ಬಿಗಿದೆ. ನೀರು ತುಂಬಿಸಿದಾಗ ಗಾಜಿನ ಹೊರಗಡೆ ಉದ್ದಕ್ಕೂ ಇಳಿಯಿತು. ಬಿಚ್ಚಿ ಒಳಗೆ ಹಾಕಿದೆ, ನಿಂತಿತು. ಮೀನು ಬಾಯಿ ತೂರಿಸದ ಹಾಗೆ ಒಳಗಡೆ ಪೈಪಿನ ಬಾಯಿಗೆ ಜಾಲರಿ ಇಟ್ಟೆ. ಹೊರಗೆ ಎಲ್ಬೋ ಇಟ್ಟು ಪೈಪು ಕೆಳಗಿಳಿಸಿದೆ. ಮೊದಲನೇ ಎಲ್ಬೋಗೆ ಪೈಪು ಅಂಟಿಸುವ ಸಲ್ಯೂಷನ್ ಬಳಿದು ಒತ್ತಿ ಹಿಡಿದು, ಕನ್ನಡಕ ಹಾಕಿಕೊಂಡು ನೋಡಿದರೆ ಅದರ ಮೂತಿ ಗೋಡೆಯ ಕಡೆ ತಿರುಗಿತ್ತು. ಸಲ್ಯೂಷನ್ ಹಿಡಿದರೆ ಹಿಡಿಯಿತು, ಬೇಡಿಕೊಂಡರೂ ಬಿಡದು. ಹ್ಯಾಕ್ಸಾ ಬ್ಲೇಡಿನಲ್ಲಿ ಕತ್ತರಿಸಿ ಬಿಸಾಡಿದೆ. ಎರಡನೆಯದನ್ನು ಮೊದಲು ಅಂಟಿಲ್ಲದೆ ಜೋಡಿಸಿ, ಪೆನ್ಸಿಲಿನಲ್ಲಿ ಗೀಟು ಹಾಕಿ, ಆಮೇಲೆ ಬಳಿದೆ.

ಸ್ಟ್ಯಾಂಡಿನ ಕೆಳಗೆ ಉದ್ದನೆಯ ಪ್ಲಾಸ್ಟಿಕ್ ಟಬ್ಬು. ಅದೇ ಸಂಪು. ಒಂದು ತುದಿಯಲ್ಲಿ ಸ್ಪಂಜು ಮತ್ತು ಅಂಗಡಿಯವನು ಕೊಟ್ಟ ಬಿಳಿ ಉಂಗುರಗಳು, ಇನ್ನೊಂದು ತುದಿಯಲ್ಲಿ ಮುಷ್ಟಿಯಷ್ಟು ಮೋಟರು. ಮೋಟರಿನಿಂದ ಪೈಪು ಮೇಲೆ ಹೋಗಿ ತೊಟ್ಟಿಯ ಅಂಚಿನ ಮೇಲಿಂದ ಒಳಗೆ ಬಗ್ಗುತ್ತದೆ. ನೀರು ಬೀಳುವಾಗ ಚಿಮ್ಮಿ ಗೋಡೆ ನೆನೆಯುತ್ತಿತ್ತು, ಅದಕ್ಕೇ ಪೈಪಿನ ಮೂತಿಯನ್ನು ನೀರಿನೊಳಗೆ ಮೊಳದಷ್ಟು ಕೆಳಗೆ ಬಿಟ್ಟೆ. ಟಬ್ಬಿನ ತಳಕ್ಕೆ ನಲ್ಲಿ, ನಲ್ಲಿಯಿಂದ ಟ್ಯೂಬು ಬಚ್ಚಲಿಗೆ. ಕಾವೇರಿ ನೀರನ್ನು ನೇರ ಹಾಕಿದರೆ ಅದರಲ್ಲಿರುವ ಔಷಧಿಗೆ ಮೀನು ಸಾಯುತ್ತದಂತೆ, ಒಂದು ದಿನ ನಿಲ್ಲಿಸಬೇಕು. ಕಿಟಕಿಯ ಹೊರಗೆ ಕಟ್ಟೆಯ ಮೇಲೆ ಡ್ರಮ್ಮು ಇಟ್ಟು, ಅದಕ್ಕೊಂದು ನಲ್ಲಿ ಮಾಡಿ, ಅಲ್ಲಿಂದಲೂ ಟ್ಯೂಬು ತಂದೆ.

ಸ್ವಿಚ್ಚು ಹಾಕಿದೆ. ನೀರು ಮೇಲೆ ಹೋಯಿತು, ತುಂಬಿತು, ಜಾಲರಿಯೊಳಗೆ ಇಳಿಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ನಾನು ಮೊಣಕೈ ಊರಿ ಕೂತು ನೋಡಿದೆ. ಕರೆದು ತೋರಿಸೋಣ ಅನ್ನಿಸಿತು. ಮಗ ಕೆಲಸಕ್ಕೆ ಹೋಗಿದ್ದ, ಸೊಸೆ ಮಲಗಿದ್ದಳು. ಮೀನಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ.

ಆಮೇಲೆ ನಾನು ಮಾಡಿದ ತಪ್ಪು ಇದು. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಊರಿನಲ್ಲಿ ಬದುಕಿದವಳು ನಾನು. ನೀರು ಬಂದರೆ ಸಂಪು, ಟ್ಯಾಂಕು, ಡ್ರಮ್ಮು, ಬಿಂದಿಗೆ, ಕಡೆಗೆ ಕಾಫಿ ಲೋಟ ಇದ್ದರೆ ಅದೂ ತುಂಬಬೇಕು. ಕೊಡ ಕಂಠದವರೆಗೆ ತುಂಬಿರದಿದ್ದರೆ ನಮ್ಮತ್ತೆ ವಾಪಸ್ ಕಳಿಸುತ್ತಿದ್ದರು. ‘ಅರೆಕೊಡ ತಂದವಳ ಮನೆ ಅರೆಹೊಟ್ಟೆ’ ಅನ್ನುತ್ತಿದ್ದರು. ಅರ್ಧ ಖಾಲಿಯಿರುವ ಪಾತ್ರೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮೋಟರು ಓಡುವಾಗ ಟಬ್ಬಿನಲ್ಲಿ ನೀರು ಅರ್ಧಕ್ಕೆ ಇತ್ತು. ಡ್ರಮ್ಮಿನ ನಲ್ಲಿ ತಿರುಗಿಸಿ ಟಬ್ಬನ್ನು ಕಂಠದವರೆಗೆ ತುಂಬಿಸಿದೆ. ಅಂಚಿನಲ್ಲಿ ನೀರು ತುಳುಕುವ ಹಾಗೆ ನಿಂತಾಗ ಮನಸ್ಸು ತಣ್ಣಗಾಯಿತು.

ಮೂರು ದಿನ ಚೆನ್ನಾಗಿ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ, ನಾನು ಹಿಂದಿನ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ, ಕರೆಂಟು ಹೋಯಿತು. ಕರೆಂಟು ಹೋಗುವುದೇನು ಹೊಸದೇ, ಸುಲಿಯುತ್ತಲೇ ಇದ್ದೆ. ಅಷ್ಟರಲ್ಲಿ ಮುಂದಿನ ರೂಮಿನಿಂದ ಮಕ್ಕಳ ಗಲಾಟೆ ಕೇಳಿಸಿತು. ಕ್ಲಿನಿಕ್ಕಿದ್ದ ಜಾಗಕ್ಕೆ ಆಗಲೇ ಟ್ಯೂಷನ್ನಿನವರು ಬಂದಿದ್ದರು. ಮಕ್ಕಳು ಚಪ್ಪಲಿ, ಶೂಗಳನ್ನು ನಮ್ಮಿಬ್ಬರ ನಡುವಿನ ಓಣಿಯಲ್ಲಿ ಬಿಡುತ್ತಿದ್ದರು. ನಾನು ಎದ್ದು ಹೋಗಿ ನೋಡಿದರೆ ನನ್ನ ಹಾಲಿನಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು. ಟಬ್ಬಿನ ನಾಲ್ಕೂ ಕಡೆಯಿಂದ ಸುರಿಯುತ್ತಿದೆ. ಹೊಸಿಲು ದಾಟಿ ಓಣಿಗೆ ಹೋಗಿ ಶೂಗಳನ್ನು ತೇಲಿಸುತ್ತಿದೆ.

ಟ್ಯೂಷನ್ ಮೇಡಂ ಮೇಲಿನ ಮನೆಗೆ ಫೋನು ಮಾಡಿದ್ದರು. ಆ ದಿನ ರಜೆಯಲ್ಲಿದ್ದ ಮಗ ಓಡಿ ಬಂದ, ಹಿಂದೆಯೇ ಸೊಸೆ ಮಾಪು ಹಿಡಿದು ಬಂದಳು. ಮೇಡಮ್ಮೂ ಸೆರಗು ಸಿಕ್ಕಿಸಿಕೊಂಡು ಪೊರಕೆ ಹಿಡಿದರು.

‘ಆಂಟಿ, ಇಷ್ಟು ನೀರು ಎಲ್ಲಿಂದ ಬಂತು?’

‘ಮೀನಿಂದು.’

‘ಮೀನಿಂದಾ?’ ಎಂದು ಅವರು ಪಾದ ಎತ್ತಿ ನೋಡಿಕೊಂಡರು. ಸೊಸೆಗೆ ನಗು ಬಂತು. ನಕ್ಕಿದ್ದನ್ನು ನಾನು ನೋಡಿದೆನೆಂದು ತಿಳಿದು ಮುಖ ಬಿಗಿದಳು.

ಎಲ್ಲರೂ ಸೇರಿ ನೀರು ತಳ್ಳಿದರು. ಮಕ್ಕಳ ಶೂಗಳನ್ನು ಕಾಂಪೌಂಡಿನ ಮೇಲೆ ಬಿಸಿಲಿಗೆ ಸಾಲಾಗಿ ಇಟ್ಟೆವು. ನಾನು ಗ್ಯಾಸಿನ ಮೇಲೆ ಟೀ ಇಟ್ಟೆ. ನನ್ನ ಹಾಲಿನಲ್ಲಿ ನಾಲ್ಕು ಜನ ನಿಂತು ಟೀ ಕುಡಿದು ಎಷ್ಟು ದಿನವಾಗಿತ್ತೋ. ಲೋಟಗಳು ಸಾಲದೆ ಒಬ್ಬರಿಗೆ ಸ್ಟೀಲಿನ ಬಟ್ಟಲಲ್ಲಿ ಕೊಟ್ಟೆ.

ಲೋಟ ಕೆಳಗಿಡುತ್ತಾ ಮಗ ಹೇಳಿದ: ‘ಸಾಕಮ್ಮ. ಮಕ್ಕಳ ಮನೆಯವರು ಬಂದು ಕೇಳಿದ್ರೆ ನಾನೇನು ಹೇಳ್ಲಿ? ಭಾನುವಾರ ಅಂಗಡಿಯವನಿಗೆ ಬರಕ್ಕೆ ಹೇಳ್ತೀನಿ. ತಗೊಂಡು ಹೋಗ್ಲಿ.’

‘ಭಾನುವಾರದವರೆಗೂ ಟೈಮ್ ಇದೆಯಲ್ಲ.’

‘ಇನ್ನೇನು ಮಾಡ್ತೀಯ?’

‘ಎಲ್ಲಿ ತಪ್ಪಾಯ್ತು ಅಂತ ನೋಡ್ತೀನಿ. ಕೊಡೋದೇ ಆದ್ರೂ ತಪ್ಪು ತಿಳ್ಕೊಂಡು ಕೊಡ್ತೀನಿ.’

ಅಂಗಡಿಯವನಿಗೆ ನಾನೇ ಫೋನು ಮಾಡಿದೆ. ನಡೆದದ್ದೆಲ್ಲ ಹೇಳಿದೆ.

‘ಅಮ್ಮ, ಸಂಪನ್ನ ಯಾರಾದ್ರೂ ಕಂಠದ ತನಕ ತುಂಬಿಸ್ತಾರಾ?’

‘ಮತ್ತೆ ಖಾಲಿ ಇಡ್ತಾರಾ? ಸಂಪು ಇರೋದೇ ತುಂಬಕ್ಕೆ.’

‘ಇದು ಇರೋದು ಖಾಲಿ ಇರಕ್ಕೆ. ಕರೆಂಟ್ ಹೋದಾಗ ಮೇಲಿರೋ ನೀರು ಕೆಳಗೆ ಬರತ್ತೆ. ಅದಕ್ಕೆ ಜಾಗ ಬೇಡ್ವಾ?’

ಆ ಮಾತು ನನಗೆ ಹೊಳೆದೇ ಇರಲಿಲ್ಲ. ಮನೆಯ ಮೋಟರಿಗಾದರೆ ಫುಟ್ ವಾಲ್ವ್ ಇರುತ್ತದೆ, ಹತ್ತಿದ ನೀರು ಅದೇ ಪೈಪಿನಲ್ಲಿ ಇಳಿಯುವುದಿಲ್ಲ. ಈ ಮುಷ್ಟಿಯಷ್ಟರ ಮೋಟರಿಗೆ ಅದೆಲ್ಲ ಎಲ್ಲಿಂದ ಬರಬೇಕು.

ನೆಲ ಒಣಗಿ, ಕರೆಂಟು ಬಂದ ಮೇಲೆ ಟಬ್ಬಿನ ನೀರನ್ನು ಅರ್ಧಕ್ಕಿಂತ ಕೆಳಗಿಳಿಸಿ, ಮೋಟರು ಹಾಕಿ, ತೊಟ್ಟಿ ತುಂಬಿದ ಮೇಲೆ ನಾನೇ ಸ್ವಿಚ್ಚು ಆರಿಸಿದೆ. ಮೋಡ ನೋಡುವವಳ ಹಾಗೆ ನೋಡುತ್ತಾ ನಿಂತೆ. ಜಾಲರಿಯಿಂದ ಬರುವ ನೀರು ಬೇಗ ನಿಂತಿತು. ಆದರೂ ಟಬ್ಬು ಏರುತ್ತಲೇ ಇತ್ತು. ಎಲ್ಲಿಂದ ಎಂದು ಹುಡುಕಿದರೆ, ನೀರು ಮೇಲೆ ಹೋಗುವ ಪೈಪಿನಲ್ಲೇ ವಾಪಸ್ ಬರುತ್ತಿದೆ. ಚಿಮ್ಮಬಾರದೆಂದು ನಾನು ಅದರ ಮೂತಿಯನ್ನು ಮೊಳದಷ್ಟು ಕೆಳಗೆ ಬಿಟ್ಟಿದ್ದೆನಲ್ಲ, ಆ ಮೂತಿಯವರೆಗೂ ತೊಟ್ಟಿಯನ್ನು ಹೀರಿ ಕೆಳಗೆ ಸುರಿಯುತ್ತಿತ್ತು. ಮಗ ಟ್ಯೂಬಿನಿಂದ ನೀರಿಳಿಸುತ್ತಿದ್ದ ರೀತಿಯೇ. ಕಣ್ಣೆದುರಿಗೇ ಎಷ್ಟು ಸಲ ನೋಡಿದ್ದೆ.

ಪೈಪನ್ನು ಕತ್ತರಿಸಿ ಮೂತಿ ನೀರಿನೊಳಗೆ ಒಂದು ಬೆರಳು ಮಾತ್ರ ಮುಳುಗುವ ಹಾಗೆ ಮಾಡಿದೆ. ಮತ್ತೆ ಸ್ವಿಚ್ಚು ಹಾಕಿ ಆರಿಸಿದೆ. ಈ ಸಲ ಒಂದು ಬೆರಳು ನೀರು ಇಳಿಯಿತು, ಪೈಪು ಗಾಳಿ ಎಳೆದುಕೊಂಡು ಗೊರಕೆ ಹೊಡೆದು ಸುಮ್ಮನಾಯಿತು. ಆಮೇಲೆ ತಲೆಯಲ್ಲಿ ಲೆಕ್ಕವನ್ನು ತಿರುಗುಮುರುಗು ಮಾಡಿಕೊಂಡೆ. ಓಡುವಾಗ ತುಂಬಿಸಬಾರದು. ಮೊದಲು ಮೋಟರು ಆರಿಸಿ, ಬೀಳುವುದೆಲ್ಲ ಬೀಳಲಿ. ಬಿದ್ದ ಮೇಲೆ ಟಬ್ಬಿನ ಅಂಚಿಗೆ ನಾಲ್ಕು ಬೆರಳು ಉಳಿಯುವ ಹಾಗೆ ನೀರು ಹಾಕಬೇಕು. ಆಮೇಲೆ ಮೋಟರು ಹಾಕಿದರೆ ನೀರು ಎಲ್ಲಿಗೆ ಇಳಿದು ನಿಲ್ಲುತ್ತದೋ ಅಲ್ಲಿಗೆ ಗೀಟು. ಅದರ ಮೇಲೆ ಒಂದು ಚೊಂಬು ಕೂಡ ಸಲ್ಲದು. ಗೀಟು ಹಾಕಿದೆ. ಟಬ್ಬಿನ ಮೇಲಿನ ಖಾಲಿ ಜಾಗ ನೋಡುತ್ತಾ ಕೂರಲು ಕಷ್ಟವಾಯಿತು. ಕಾವೇರಿ ನೀರು ಬಂದ ದಿನ ಕೈ ಎರಡು ಸಲ ಡ್ರಮ್ಮಿನ ನಲ್ಲಿಗೆ ಹೋಗಿ ವಾಪಸ್ ಬಂತು.

ಭಾನುವಾರ ಅಂಗಡಿಯವನು ಮುಚ್ಚಳದ ಕ್ಯಾನು ಹಿಡಿದು ಬಂದ. ಮಗ ಸೊಸೆ ಇಳಿದು ಬಂದರು.

‘ತಗೊಂಡು ಹೋಗೋ ಮುಂಚೆ ಒಂದು ಸಲ ನೋಡಿ,’ ಅಂದೆ. ಮಗನಿಗೆ ಸ್ವಿಚ್ಚು ತೋರಿಸಿದೆ. ‘ನೀನೇ ಆರಿಸು. ಆಮೇಲೆ ಅಮ್ಮ ಏನೋ ಕೈಚಳಕ ಮಾಡಿದ್ಲು ಅನ್ಬೇಡ.’

ಆರಿಸಿದ. ಟಬ್ಬಿನಲ್ಲಿ ನೀರು ಏರಿತು. ಸೊಸೆ ಸೀರೆ ಮೇಲೆತ್ತಿಕೊಂಡು ಎರಡು ಹೆಜ್ಜೆ ಹಿಂದೆ ಹೋದಳು. ನಾನೂ ಒರೆಸುವ ಬಟ್ಟೆಯನ್ನು ಹತ್ತಿರವೇ ಇಟ್ಟುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ. ನೀರು ಏರಿ ಏರಿ, ಅಂಚಿಗೆ ನಾಲ್ಕು ಬೆರಳು ಇರುವಾಗ ನಿಂತಿತು. ಮಗ ಬಗ್ಗಿ ನೋಡಿದ. ಇನ್ನೂ ಸ್ವಲ್ಪ ಹೊತ್ತು ನೋಡಿದ. ನಾನು ಟಬ್ಬಿನ ನಲ್ಲಿ ತಿರುಗಿಸಿ ಹಳೆ ನೀರು ಬಚ್ಚಲಿಗೆ ಹೋಗುವುದನ್ನು ತೋರಿಸಿದೆ, ಡ್ರಮ್ಮಿನ ನಲ್ಲಿ ತಿರುಗಿಸಿ ಹೊಸ ನೀರು ಬರುವುದನ್ನು ತೋರಿಸಿದೆ. ಮೋಟರು ಹಾಕಿದರೆ ನೀರು ಇಳಿದು ಗೀಟಿಗೆ ನಿಂತಿತು.

‘ಹಂಗಾದ್ರೆ ನನ್ನ ಯಾಕೆ ಕರೆಸಿದ್ರಿ?’ ಅಂದ ಅಂಗಡಿಯವನು.

‘ಕಾಫಿ ಕುಡ್ಕೊಂಡು ಹೋಗು,’ ಅಂದೆ.

ಸೊಸೆ ಕೇಳಿದಳು: ‘ಅತ್ತೆ, ಇನ್ನು ಬಕೆಟ್ ಬೇಡ್ವೇ ಬೇಡ್ವಾ?’

‘ಬೇಡವೇ ಬೇಡ.’

‘ಬದುಕಿದೆ,’ ಅಂದ ಮಗ, ಸೊಂಟ ನೀವಿಕೊಂಡು. ನನ್ನ ಕಡೆ ನೋಡಿ, ‘ಪರವಾಗಿಲ್ಲ ಕಣಮ್ಮ ನೀನು,’ ಅಂದ. ಅವನ ಬಾಯಲ್ಲಿ ಅದು ದೊಡ್ಡ ಮಾತು. ಮೀನು ಉಳಿಯಿತು.

ಬುಧವಾರ ಬೆಳಿಗ್ಗೆ ಎರಡು ಲೋಟ ಕಾಫಿ ಬೆರೆಸಿದೆ. ಹೊರಗೆ ಮಗನ ಬೈಕು ಸ್ಟಾರ್ಟಾಯಿತು, ಗೇಟು ತೆರೆಯಿತು, ಮುಚ್ಚಿತು. ಆಗ ಗೊತ್ತಾಯಿತು. ಅವನಿಗೆ ಇಲ್ಲಿ ಕೆಲಸವಿಲ್ಲ. ಭಾನುವಾರ ನಾನೇ ಫೋನು ಮಾಡಿ, ‘ಬರಲ್ವೇನೋ?’ ಅಂತ ಕೇಳಿದೆ.

‘ಯಾಕಮ್ಮ, ಏನಾದ್ರೂ ಲೀಕ್ ಆಗ್ತಿದ್ಯಾ?’

‘ಇಲ್ಲ, ಚೆನ್ನಾಗಿ ನಡೀತಿದೆ.’

‘ಮತ್ತಿನ್ನೇನು. ಸಂಜೆ ಟೈಮ್ ಸಿಕ್ರೆ ಬರ್ತೀನಿ ಬಿಡು.’

ಸಂಜೆ ಟೈಮ್ ಸಿಗಲಿಲ್ಲ. ಅವನದು ತಪ್ಪಲ್ಲ. ಇಪ್ಪತ್ತು ಮೆಟ್ಟಿಲು ಇಳಿಯಲು ಮನುಷ್ಯನಿಗೆ ಒಂದು ಕಾರಣ ಬೇಕು, ಇದ್ದ ಕಾರಣವನ್ನು ನಾನೇ ಪೈಪು ಹಾಕಿ ಬಚ್ಚಲಿಗೆ ಬಿಟ್ಟಿದ್ದೆ. ಮೀನು ಬೇಕೆಂದು ಹಟ ಹಿಡಿದವಳು ನಾನು. ಮೀನು ಇದೆ. ನೀರು ಕನ್ನಡಿಯ ಹಾಗಿದೆ. ಹಾಲಿನಲ್ಲಿ ನಾತವಿಲ್ಲ. ಮುಂದಿನ ರೂಮಿನಲ್ಲಿ ಮಕ್ಕಳು ಮಗ್ಗಿ ಹೇಳುವುದು ಗೋಡೆಯ ಈಚೆಗೂ ಕೇಳಿಸುತ್ತದೆ, ಅವರು ಹೋದ ಮೇಲೆ ಟಬ್ಬಿಗೆ ನೀರು ಬೀಳುವ ಸದ್ದು ಮಾತ್ರ.

ಒಂದು ದಿನ ಡ್ರಮ್ಮಿನ ನಲ್ಲಿಯ ಹತ್ತಿರ ನಿಂತಿದ್ದಾಗ ಯೋಚನೆ ಬಂತು. ಟಬ್ಬನ್ನು ಕಂಠದವರೆಗೆ ತುಂಬಿಸಿ ಸ್ವಿಚ್ಚು ಆರಿಸಿದರೆ ಸಾಕು, ಮೇಲಿನವರೂ ಬರುತ್ತಾರೆ, ಮುಂದಿನವರೂ ಬರುತ್ತಾರೆ, ಮತ್ತೆ ಲೋಟ ಸಾಲುವುದಿಲ್ಲ. ಆದರೆ ಅವರೆಲ್ಲ ಹಾಲಿನ ಮಧ್ಯದ ನೀರು ತಳ್ಳಿ ಟೀ ಕುಡಿದು ಹೋಗುವವರು. ಮಂಚದ ಕೆಳಗೆ, ಬೀರುವಿನ ಹಿಂದೆ ಬಟ್ಟೆ ತೂರಿಸಿ ಒರೆಸುವವಳು ಕಡೆಗೆ ನಾನೇ. ಗೀಟಿನವರೆಗೆ ನೀರು ಬಿಟ್ಟು ನಲ್ಲಿ ಮುಚ್ಚಿದೆ.